ಕೆಂಡದ ಮೇಲೆ ಬೋರಲು ಬುಟ್ಟಿ

ಜನವರಿಯ ಎರಡನೇ ವಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದ ಚಳಿ, ಎರಡು ದಿನದಿಂದ ಬಿಡದೆ ಬೀಸಿದ ಹಿಮಗಾಳಿ. ಮಗು ಹುಟ್ಟಿ 18 ದಿನ. ರಾತ್ರಿ ಒಂಬತ್ತೂವರೆಗೆ, ಆ ದಿನದ ಐದನೇ ಸಲದ ಒದ್ದೆ ಬಟ್ಟೆಯನ್ನು ಡ್ರೈಯರಿಗೆ ತುಂಬಿ, ಬಾಗಿಲು ಮುಚ್ಚಿ, ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಗುಂಯ್ ಎನ್ನಲಿಲ್ಲ, ಟಿಕ್ ಎನ್ನಲಿಲ್ಲ. ಬಾಗಿಲು ತೆಗೆದರೆ ಒಳಗಿನ ಪುಟ್ಟ ಬಲ್ಬು ಮಾತ್ರ ಎಂದಿನಂತೆ ಹತ್ತಿಕೊಂಡು, ಮುದ್ದೆಯಾಗಿ ಬಿದ್ದಿದ್ದ ಮಗುವಿನ ಬಟ್ಟೆಗಳ ಮೇಲೆ ಹಳದಿ ಬೆಳಕು ಚೆಲ್ಲಿತು. ಬೆನ್ನ ಹಿಂದೆ ಅತ್ತೆ ಇನ್ನೊಂದು ಬುಟ್ಟಿ ಹಿಡಿದು ನಿಂತಿದ್ದರು. "ಎಂತ ಆಯ್ತು ಇದಕ್ಕೆ?" ಎಂದರು.

ಅತ್ತೆ ಬಾಣಂತನಕ್ಕೆಂದು ಹೊಸನಗರ ತಾಲ್ಲೂಕಿನ ಹಳ್ಳಿಯಿಂದ ಬಂದವರು. ತಂದ ಎರಡು ಸೂಟ್‌ಕೇಸುಗಳ ಪೈಕಿ ಒಂದರಲ್ಲಿ ಬಜೆ, ಒಣಶುಂಠಿ, ಓಮ, ಮೆಣಸು. ಇನ್ನೊಂದರ ತುಂಬ ಹಳೆಯ ನೂಲಿನ ಸೀರೆ, ಪಂಚೆಗಳ ತುಂಡು. ಹತ್ತಾರು ವರ್ಷ ಉಟ್ಟು, ಒಗೆದು, ಬೆಣ್ಣೆಯಷ್ಟು ಮೆದುವಾದ ಬಟ್ಟೆ. ಎಳೆಮಗುವಿನ ಮೈಗೆ ಇದಕ್ಕಿಂತ ಹಿತವಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ ಎಂಬ ಅವರ ಮಾತು ನಿಜವೇ. ಹಾಗಾಗಿ ನಮ್ಮ ಮನೆಯಲ್ಲಿ ಅಂಗಡಿಯ ಡೈಪರು ರಾತ್ರಿಗೆ ಮಾತ್ರ, ಹಗಲೆಲ್ಲ ಅಜ್ಜಿಯ ಸೀರೆ. ಇಪ್ಪತ್ತು ನಿಮಿಷಕ್ಕೊಂದು ಬಟ್ಟೆ ಒದ್ದೆ. ಆ ಎರಡು ವಾರದಲ್ಲಿ ನಮ್ಮ ಡ್ರೈಯರ್ ಹಿಂದಿನ ಎರಡು ತಿಂಗಳಲ್ಲಿ ಮಾಡಿದ್ದಕ್ಕಿಂತ ಹೆಚ್ಚು ದುಡಿದಿತ್ತು.

ರಿಪೇರಿಯವರಿಗೆ ಫೋನು ಹಚ್ಚಿದೆ. ಆರು ದಿನ ಬಿಟ್ಟು ಬರುತ್ತೇವೆ, ಬಂದು ನೋಡಿ ಹೋಗುವುದಕ್ಕೇ ನೂರು ಡಾಲರಿನ ಆಸುಪಾಸು, ಬಿಡಿಭಾಗದ ಬೆಲೆ ಬೇರೆ ಎಂದರು. ಆರು ದಿನ! ಮನೆಯಲ್ಲಿ ಒಣಗಿದ ಬಟ್ಟೆ ಇದ್ದದ್ದು ಮರುದಿನ ಮಧ್ಯಾಹ್ನದವರೆಗೆ.

ಓಡದ ಡ್ರೈಯರಿನ ಮುಂದೆ ನಿಂತಾಗ ಮೊದಲು ಕೆಲಸ ಕೊಡಬೇಕಾದ್ದು ಕಿವಿಗೆ. ಗುಂಡಿ ಒತ್ತಿದಾಗ ಗುಂಯ್ ಎಂದು ಗುನುಗಿ ನಿಂತರೆ ಕರೆಂಟು ಮೋಟಾರಿನವರೆಗೆ ತಲುಪಿದೆ, ಮೋಟಾರು ತಿರುಗಲಾರದೆ ಒದ್ದಾಡುತ್ತಿದೆ ಎಂದು ಅರ್ಥ. ಗಾಳಿ ದೂಡುವ ಚಕ್ರಕ್ಕೆ ಕಾಲುಚೀಲವೊಂದು ಸಿಕ್ಕಿಕೊಂಡಿರಬಹುದು, ಮೋಟಾರಿನ ಸ್ಟಾರ್ಟಿಂಗ್ ಸುರುಳಿ ಸುಟ್ಟಿರಬಹುದು. ಮೋಟಾರು ಓಡುವ ಸದ್ದು ಬಂದು ಡ್ರಮ್ಮು ಮಾತ್ರ ತಿರುಗದಿದ್ದರೆ ಬೆಲ್ಟು ಹರಿದಿದೆ. ಡ್ರಮ್ಮು ತಿರುಗಿ ಬಿಸಿ ಮಾತ್ರ ಬರದಿದ್ದರೆ ಅದು ಬೇರೆಯದೇ ಕತೆ: ಇಲ್ಲಿನ ಡ್ರೈಯರಿಗೆ 240 ವೋಲ್ಟ್ ಬರುವುದು 120ರ ಎರಡು ತಂತಿಗಳಲ್ಲಿ, ಮೋಟಾರಿಗೆ ಒಂದು ಸಾಕು, ಹೀಟರಿಗೆ ಎರಡೂ ಬೇಕು. ಒಂದು ಬಿಟ್ಟುಹೋದರೆ ಯಂತ್ರ ತಣ್ಣಗೆ ಸುತ್ತುತ್ತಲೇ ಇರುತ್ತದೆ. ನಮ್ಮದು ಇದಾವುದೂ ಅಲ್ಲ, ಪೂರ್ತಿ ಮೌನ. ಪೂರ್ತಿ ಮೌನವಾದರೆ ಒಂದು ಸಮಾಧಾನವಿದೆ. ಕೆಟ್ಟಿರುವುದು ಹೆಚ್ಚಾಗಿ ದೊಡ್ಡದೇನೂ ಅಲ್ಲ. ಮೋಟಾರಿಗೆ ಕರೆಂಟು ಹೋಗುವ ದಾರಿ ಎಲ್ಲೋ ಒಂದು ಕಡೆ ಕಡಿದಿದೆ, ಅಷ್ಟೆ.

ಆ ದಾರಿಯನ್ನು ಅತ್ತೆಗೆ ವಿವರಿಸಿದ್ದು ಉಣುಗೋಲಿನ ಹೋಲಿಕೆ ಕೊಟ್ಟು. ಮಲೆನಾಡಿನಲ್ಲಿ ಮನೆಯಿಂದ ಗದ್ದೆಗೆ, ಗದ್ದೆಯಿಂದ ಬೇಣಕ್ಕೆ ಹೋಗುವಾಗ ಬೇಲಿಗೊಂದು ಉಣುಗೋಲು ಇರುತ್ತದೆ. ದಬ್ಬೆಗಳನ್ನು ಸರಿಸಿದರೆ ದನ ಹೋಗುತ್ತದೆ, ಹಾಕಿದ್ದರೆ ಇಲ್ಲ. ನಾಲ್ಕು ಉಣುಗೋಲು ದಾಟಬೇಕಾದ ದನಕ್ಕೆ ಮೂರು ತೆರೆದಿದ್ದು ನಾಲ್ಕನೆಯದು ಹಾಕಿದ್ದರೂ ಅದು ನಿಂತಲ್ಲೇ ನಿಲ್ಲಬೇಕು. ಡ್ರೈಯರಿನೊಳಗೂ ಹಾಗೇ, ಒಂದರ ಹಿಂದೊಂದು. ಗೋಡೆಯ ಪ್ಲಗ್ಗಿನಿಂದ ಹೊರಟ ಕರೆಂಟು ಟೈಮರ್ ದಾಟಬೇಕು. ಬಾಗಿಲು ಮುಚ್ಚಿದೆಯೇ ಎಂದು ನೋಡುವ ಸ್ವಿಚ್ ದಾಟಬೇಕು. ಕೆಲವು ಯಂತ್ರಗಳಲ್ಲಿ ಬೆಲ್ಟು ಸರಿಯಾಗಿದೆಯೇ ಎಂದು ನೋಡುವ ಇನ್ನೊಂದು ಸ್ವಿಚ್. ಅತಿ ಬಿಸಿಯಾದರೆ ಕಡಿದುಕೊಳ್ಳುವ ಥರ್ಮಲ್ ಫ್ಯೂಸ್. ಕೊನೆಗೆ ನಾವು ಒತ್ತುವ ಗುಂಡಿ. ಇಷ್ಟನ್ನೂ ದಾಟಿದರೆ ಮೋಟಾರು. ಯಾವ ಉಣುಗೋಲು ಹಾಕಿಕೊಂಡಿದೆ ಎಂದು ಹುಡುಕುವುದೇ ರಿಪೇರಿ. ಅತ್ತೆ ಕೇಳಿಸಿಕೊಂಡು, "ಹಂಗಾರೆ ಮನೆ ಹತ್ತಿರದ್ದರಿಂದ ಶುರು ಮಾಡು" ಎಂದರು. ಇದಕ್ಕಿಂತ ಒಳ್ಳೆಯ ಸಲಹೆಯನ್ನು ಯಾವ ಮೆಕ್ಯಾನಿಕ್ಕೂ ಕೊಡಲಾರ.

ಮನೆ ಹತ್ತಿರದ್ದು ಎಂದರೆ ನೆಲಮಾಳಿಗೆಯ ಬ್ರೇಕರ್ ಪೆಟ್ಟಿಗೆ. ಡ್ರೈಯರಿನದು 30 ಆಂಪಿಯರಿನ ಜೋಡಿ ಬ್ರೇಕರ್. ಟ್ರಿಪ್ ಆದ ಬ್ರೇಕರು ಕೆಲವೊಮ್ಮೆ ಆನ್ ಆಗಿರುವಂತೆಯೇ ಕಾಣುತ್ತದೆ. ಅದಕ್ಕೆ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಮಾಡಿದೆ, ವ್ಯತ್ಯಾಸವಾಗಲಿಲ್ಲ. ಒಳಗಿನ ಬಲ್ಬು ಉರಿಯುತ್ತಿದ್ದುದರಿಂದ ಮೋಟಾರಿಗೆ ಬೇಕಾದ ಕರೆಂಟು ಯಂತ್ರದವರೆಗೆ ಬರುತ್ತಿದೆ ಎಂಬುದು ಖಾತ್ರಿಯಾಗಿತ್ತು. ಬಾಗಿಲ ಚೌಕಟ್ಟಿನ ಪುಟ್ಟ ಸ್ವಿಚ್ಚನ್ನು ಬೆರಳಿನಿಂದ ಒತ್ತಿದೆ, ಟಿಕ್ ಎಂದಿತು. ಟಿಕ್ ಎಂದ ಮಾತ್ರಕ್ಕೆ ಸರಿಯಿದೆ ಎನ್ನುವಂತಿಲ್ಲ, ಆದರೂ ಸದ್ಯಕ್ಕೆ ಅದನ್ನು ಬದಿಗಿಟ್ಟೆ. ಇನ್ನು ಉಳಿದದ್ದು ಹಿಂಬದಿ ಬಿಚ್ಚುವ ಕೆಲಸ.

ಬಿಚ್ಚುವ ಮೊದಲು ಪ್ಲಗ್ ಕಿತ್ತು, ಕಿತ್ತ ಪ್ಲಗ್ಗನ್ನು ಕಣ್ಣಿಗೆ ಕಾಣುವ ಹಾಗೆ ಯಂತ್ರದ ತಲೆಯ ಮೇಲೆ ಇಟ್ಟೆ. 240 ವೋಲ್ಟಿನ ಯಂತ್ರದಲ್ಲಿ ಇದು ಸ್ವಿಚ್ ಆಫ್ ಮಾಡಿದರೆ ಸಾಕು ಎನ್ನುವ ವಿಷಯವಲ್ಲ. ಎಂಟು ತಿರುಪು ಬಿಚ್ಚಿ ತಗಡಿನ ಹಲಗೆ ಎಳೆದಾಗ ಮೊದಲು ಬಡಿದದ್ದು ವಾಸನೆ: ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಮರೆತರೆ ಬರುತ್ತದಲ್ಲ, ಅದರ ಮೊದಲ ಹಂತದ್ದು. ಆಮೇಲೆ ಕಂಡದ್ದು ಜುಂಗು. ಒಣಗುವ ಪ್ರತಿ ಬಟ್ಟೆಯೂ ತಿರುಗುತ್ತ ತಿರುಗುತ್ತ ತನ್ನ ನೂಲನ್ನು ಒಂದಿಷ್ಟು ಉದುರಿಸುತ್ತದೆ. ಇಲ್ಲಿನವರು ಅದಕ್ಕೆ ಲಿಂಟ್ ಎನ್ನುತ್ತಾರೆ. ಹೆಚ್ಚಿನದನ್ನು ಜರಡಿ ಹಿಡಿಯುತ್ತದೆ, ಜರಡಿ ತಪ್ಪಿಸಿಕೊಂಡದ್ದು ಹೀಗೆ ಒಳಗೆ ಕೂರುತ್ತದೆ. ಮೋಟಾರಿನ ಸುತ್ತ, ತಂತಿಗಳ ಮೇಲೆ, ಹೀಟರಿನ ಡಬ್ಬಿಯ ಪಕ್ಕದಲ್ಲಿ ಬೂದುಬಣ್ಣದ ಮೆತ್ತನೆಯ ಪದರ. ಟಾರ್ಚಿನ ಬೆಳಕಲ್ಲಿ ಅತ್ತೆ ಅದನ್ನು ಚಿಮುಟಿ ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಬೂದಿಯ ನಡುವೆ ಎಳೆಗೆಂಪು ಎಳೆಗಳು. "ಇದು ನನ್ನ ಕೆಂಪಂಚಿನ ಸೀರೆಯದ್ದು" ಎಂದರು. ಇಪ್ಪತ್ತು ವರ್ಷ ಉಟ್ಟ ನೂಲು ಹೊಸ ನೂಲಿಗಿಂತ ಎಷ್ಟೋ ಹೆಚ್ಚು ಉದುರುತ್ತದೆ. ಮೆದುವಾಗುವುದು ಎಂದರೆ ಒಂದರ್ಥದಲ್ಲಿ ಸವೆಯುವುದೇ ತಾನೇ.

ಥರ್ಮಲ್ ಫ್ಯೂಸ್ ಇರುವುದು ಗಾಳಿ ದೂಡುವ ಚಕ್ರದ ಗೂಡಿನ ಮೇಲೆ. ಹೆಬ್ಬೆರಳಿನಷ್ಟು ಉದ್ದದ ಬಿಳಿ ಪ್ಲಾಸ್ಟಿಕ್ಕು, ಎರಡು ಕಿವಿಗೆ ಎರಡು ತಂತಿ. ತಂತಿ ಕಿತ್ತು ಮಲ್ಟಿಮೀಟರಿನ ಎರಡು ಮೊನೆ ತಾಗಿಸಿದೆ. ದಾರಿ ತೆರೆದಿದ್ದರೆ ಮೀಟರು ಬೀಪ್ ಎನ್ನಬೇಕು. ಅನ್ನಲಿಲ್ಲ. ಮೀಟರೇ ಕೆಟ್ಟಿತೇನೋ ಎಂಬ ಅನುಮಾನಕ್ಕೆ ಪಕ್ಕದ ಥರ್ಮೋಸ್ಟಾಟಿಗೆ ಹಿಡಿದೆ, ಬೀಪ್ ಎಂದಿತು. ಮತ್ತೆ ಫ್ಯೂಸಿಗೆ ಹಿಡಿದೆ. ಮೌನ. ಸುಮಾರು 91 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಒಳಗಿನ ಸಂಪರ್ಕ ಕಡಿದುಕೊಳ್ಳುವುದು ಅದರ ಕೆಲಸ. ಥರ್ಮೋಸ್ಟಾಟು ಬಿಸಿಯಾದಾಗ ಕಡಿದು, ತಣಿದಾಗ ಕೂಡಿ, ಮತ್ತೆ ಕಡಿಯುತ್ತ ವರ್ಷಗಟ್ಟಲೆ ಬದುಕುತ್ತದೆ. ಫ್ಯೂಸಿಗೆ ಒಂದೇ ಬದುಕು. ಒಮ್ಮೆ ಕಡಿದರೆ ಮತ್ತೆ ಕೂಡುವುದಿಲ್ಲ. ನಮ್ಮ ಯಂತ್ರದಲ್ಲಿ ಅದು ಇರುವುದು ಮೋಟಾರಿನ ದಾರಿಯಲ್ಲಿ, ಹಾಗಾಗಿ ಆ ಬಿಳಿ ತುಣುಕು ಸತ್ತ ಗಳಿಗೆಯಿಂದ ಇಡೀ ಯಂತ್ರ ಮಾತು ಬಿಟ್ಟಿತ್ತು. ಹೊಸದಕ್ಕೆ ಹತ್ತು ಡಾಲರಿನ ಸುತ್ತಮುತ್ತ. ಆದರೆ ಅಂಗಡಿ ತೆರೆಯುವುದು ಬೆಳಗ್ಗೆ ಎಂಟಕ್ಕೆ, ಬುಟ್ಟಿಯಲ್ಲಿ ಎರಡು ಹೊರೆ ಒದ್ದೆ ಬಟ್ಟೆ, ಗಂಟೆ ಹನ್ನೊಂದು.

ಮೇಲೆ ಹೋಗಿ ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಅವರ ಕೆಲಸ ಶುರು ಮಾಡಿಯಾಗಿತ್ತು. ಇಲ್ಲಿನ ಮನೆಗಳಲ್ಲಿ ಕುಲುಮೆಯಿಂದ ಬಿಸಿಗಾಳಿ ಬರಲು ನೆಲದಲ್ಲಿ ಅಲ್ಲಲ್ಲಿ ಜಾಲರಿ ಕಿಂಡಿಗಳಿರುತ್ತವೆ. ಬಾಣಂತಿ ಕೋಣೆಯ ಕಿಂಡಿಯ ಮೇಲೆ ಅವರು ಬಟ್ಟೆ ತುಂಬುವ ಪ್ಲಾಸ್ಟಿಕ್ ಬುಟ್ಟಿಯನ್ನು ಬೋರಲು ಹಾಕಿದ್ದರು. ಬುಟ್ಟಿಯ ಮೇಲೆ ಸೀರೆಯ ತುಂಡುಗಳನ್ನು ಒಂದರ ಪಕ್ಕ ಒಂದು ಹೊದಿಸಿ, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಾಲ್ಕು ನಿಮಿಷಕ್ಕೊಮ್ಮೆ ಒಂದೊಂದು ಬಟ್ಟೆಯ ಮೇಲೆ ಅಂಗೈ ಇಟ್ಟು ನೋಡುವುದು, ಮಗುಚುವುದು, ಕೆನ್ನೆಗೆ ಒತ್ತಿ ಹಸಿ ಉಳಿದಿದೆಯೇ ನೋಡುವುದು, ಒಣಗಿದ್ದನ್ನು ಮಡಿಸಿ ಬದಿಗಿಡುವುದು. ಯಾರನ್ನೂ ಏನೂ ಕೇಳಲಿಲ್ಲ, ಏನನ್ನೂ ಹುಡುಕಲಿಲ್ಲ. ನಲವತ್ತು ವರ್ಷದ ಹಿಂದೆ ಕಲಿತ ಕೈ ಅದು.

ಆ ಕೈ ಕಲಿತದ್ದು ಆರಿದ್ರೆ ಮಳೆಯಲ್ಲಿ. ಮಲೆನಾಡಿನಲ್ಲಿ ಮಳೆಗಾಲದ ಬಾಣಂತನ ಕಂಡವರಿಗೆ ಗೊತ್ತು, ಅಲ್ಲಿ ಅತಿ ದೊಡ್ಡ ಚಿಂತೆ ಬಟ್ಟೆಯದು. ಅವರ ಊರಿಂದ ಹೆಚ್ಚು ದೂರವಿಲ್ಲದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಜಗಲಿಯ ಗಳದ ಮೇಲೆ ಹಾಕಿದ ಪಂಚೆ ಮೂರು ದಿನಕ್ಕೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ, ನಾಲ್ಕನೇ ದಿನಕ್ಕೆ ಕರಿ ಚುಕ್ಕೆ ಏಳುತ್ತದೆ. ದೊಡ್ಡವರ ಬಟ್ಟೆಗೆ ಬಚ್ಚಲ ಒಲೆಯ ಮೇಲಿನ ಹಗ್ಗ ಇತ್ತು. ಹಂಡೆಯ ಬೆಂಕಿ ಆರದಂತೆ ದೊಡ್ಡ ಕುಂಟೆ ಒಟ್ಟಿರುತ್ತಿದ್ದರು. ಹಾಗೆ ಒಣಗಿದ ಅಂಗಿ ತೊಟ್ಟು ಶಾಲೆಗೆ ಹೋದರೆ ತರಗತಿಯ ಅರ್ಧ ಮಕ್ಕಳ ಮೈಯಲ್ಲಿ ಅದೇ ಹೊಗೆ ವಾಸನೆ. ನನ್ನ ಸಾಗರದ ಕಡೆಯ ಬಾಲ್ಯದ ಮಳೆಗಾಲಕ್ಕೆಲ್ಲ ಆ ವಾಸನೆಯೇ ಗುರುತು.

ಮಗುವಿನ ಬಟ್ಟೆಯನ್ನು ಮಾತ್ರ ಹೊಗೆಗೆ ಹಾಕುತ್ತಿರಲಿಲ್ಲ. ಅದಕ್ಕೆ ಅಗ್ಗಿಷ್ಟಿಕೆಯ ಕೆಂಡ. ಹೊಗೆ ಪೂರ್ತಿ ಹೋಗಿ, ಮೇಲೆ ಬೂದಿ ಕಟ್ಟಿದ ನಿಗಿನಿಗಿ ಕೆಂಡದ ಮೇಲೆ ಬೆತ್ತದ ಬುಟ್ಟಿ ಬೋರಲು, ಬುಟ್ಟಿಯ ಮೇಲೆ ಬಟ್ಟೆ. ಅಲ್ಲೊಬ್ಬರು ಕೂತೇ ಇರಬೇಕು, ಅದು ಮನೆಯ ಕಟ್ಟಳೆ. ಅಜ್ಜಿಯೋ, ಚಿಕ್ಕಮ್ಮನೋ, ಶಾಲೆ ಬಿಟ್ಟು ಬಂದ ಹುಡುಗಿಯೋ. ಬುಟ್ಟಿಯ ಬಳಿ ಕೂತವರು ಊಟಕ್ಕೆ ಏಳಬೇಕಾದರೂ ಇನ್ನೊಬ್ಬರನ್ನು ಕೂರಿಸಿ ಏಳಬೇಕಿತ್ತು. ಅತ್ತೆ ತಮ್ಮ ಹತ್ತನೇ ವಯಸ್ಸಿನಲ್ಲಿ ತಮ್ಮನ ಬಟ್ಟೆ ಕಾಯಲು ಕೂತು ತೂಕಡಿಸಿ, ಒಂದು ತುಂಡಿನ ಅಂಚು ಕಂದಿಹೋಗಿ, ಅಜ್ಜಿಯ ಕೈಯಲ್ಲಿ ಬೈಸಿಕೊಂಡದ್ದನ್ನು ಆ ರಾತ್ರಿ ಹೇಳಿದರು. ಬೈದದ್ದು ಬಟ್ಟೆ ಹೋಯಿತು ಎಂದಲ್ಲ, ಬೆಂಕಿಯ ಹತ್ತಿರ ಬಟ್ಟೆ ಇಟ್ಟು ಕಣ್ಣು ಮುಚ್ಚಿದೆ ಎಂದು.

ಬೆಂಕಿಯ ಹತ್ತಿರ ಬಟ್ಟೆ. ಡ್ರೈಯರ್ ಎಂಬ ಯಂತ್ರವನ್ನು ಎಷ್ಟು ಬಿಚ್ಚಿ ನೋಡಿದರೂ ಕೊನೆಗೆ ಉಳಿಯುವುದು ಇದೇ. 1800ರ ಸುಮಾರಿಗೆ ಫ್ರಾನ್ಸಿನಲ್ಲಿ ಪೋಶೋನ್ ಎಂಬಾತ ಮಾಡಿದ್ದು ತೂತುಗಳಿದ್ದ ಲೋಹದ ಡ್ರಮ್ಮು: ಒಳಗೆ ಒದ್ದೆ ಬಟ್ಟೆ, ಕೆಳಗೆ ಬೆಂಕಿ, ಕೈಯಲ್ಲಿ ತಿರುಗಿಸುವ ಹಿಡಿ. ಅಮೆರಿಕದ ಒಹಾಯೋ ರಾಜ್ಯದ ಡೇಟನ್ನಿನಲ್ಲಿದ್ದ ಕಪ್ಪುಜನಾಂಗದ ಸಂಶೋಧಕ ಜಾರ್ಜ್ ಟಿ. ಸ್ಯಾಂಪ್ಸನ್ 1892ರ ಜೂನ್ 7ರಂದು ಪೇಟೆಂಟ್ ಪಡೆದದ್ದು ಅಡುಗೆಯ ಒಲೆಯ ಮೇಲೆ ಬಟ್ಟೆ ಹಿಡಿದು ನಿಲ್ಲಿಸುವ ಚೌಕಟ್ಟಿಗೆ. ನಮ್ಮ ಬಚ್ಚಲ ಒಲೆಯ ಹಗ್ಗಕ್ಕೂ ಅದಕ್ಕೂ ಕುಲ ಒಂದೇ.

ಈಗಿನ ರೂಪದ ಯಂತ್ರದ ಹುಟ್ಟೂರು ನಮ್ಮ ಮನೆಯಿಂದ ಉತ್ತರಕ್ಕೆ ಒಂದೂವರೆ ಗಂಟೆಯ ದಾರಿ. ಮಿಶಿಗನ್ ಸರೋವರದ ದಂಡೆಯಲ್ಲಿ, ಎರಡು ಹೊಳೆ ಕೂಡುವಲ್ಲಿರುವ ಊರು, ಹೆಸರೇ ಟೂ ರಿವರ್ಸ್. ತುಂಗೆ ಭದ್ರೆ ಕೂಡುವ ಊರಿಗೆ ಕೂಡಲಿ ಎಂದು ಹೆಸರಿಟ್ಟ ನಮಗೆ ಆ ಹೆಸರು ಕೇಳಿದೊಡನೆ ಆಪ್ತವೆನಿಸುತ್ತದೆ. ಅಲ್ಲಿ 1880ರಲ್ಲಿ ಶುರುವಾದ ಹ್ಯಾಮಿಲ್ಟನ್ ಕಂಪನಿಯ ಮೊದಲ ಕಸುಬು ಮರದ ಅಚ್ಚುಮೊಳೆ ಮಾಡುವುದು. ಅಮೆರಿಕದ ಊರೂರಿನ ಭಿತ್ತಿಪತ್ರಗಳ ದಪ್ಪಕ್ಷರಗಳಲ್ಲಿ ಬಹುಪಾಲು ಒಂದು ಕಾಲಕ್ಕೆ ಅಲ್ಲಿಂದ ಹೊರಟವು. ಅಚ್ಚುಮೊಳೆಗಳ ವಸ್ತುಸಂಗ್ರಹಾಲಯ ಇಂದಿಗೂ ಅಲ್ಲಿದೆ. ಈ ಕಂಪನಿಯ ಬಳಿ ಬಂದವನು ನಾರ್ತ್ ಡಕೋಟಾದ ಜೆ. ರಾಸ್ ಮೂರ್. ಹೆಪ್ಪುಗಟ್ಟುವ ಚಳಿಯಲ್ಲಿ ತಾಯಿ ಹೊರಗೆ ಬಟ್ಟೆ ಹರವುವುದನ್ನು ನೋಡಲಾರದೆ, ಮೊದಲು ಕೊಟ್ಟಿಗೆಯೊಂದರಲ್ಲಿ ಒಲೆ ಹೂಡಿ ಹಗ್ಗ ಕಟ್ಟಿಕೊಟ್ಟ, ಆಮೇಲೆ ವರ್ಷಗಟ್ಟಲೆ ತಿರುಗುವ ಡ್ರಮ್ಮಿನ ಹಿಂದೆ ಬಿದ್ದ ಎಂದು ಅವನ ಕತೆ ಹೇಳುತ್ತಾರೆ. 1938ರಲ್ಲಿ ಹ್ಯಾಮಿಲ್ಟನ್ ಆ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಮುಂದೆ ಅದಕ್ಕೆ ಗಾಜಿನ ಕಿಟಕಿ ಇಡಿಸಿದವನು ಮಿಲ್ವಾಕಿಯದೇ ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್. ಒಳಗೆ ಬಣ್ಣಬಣ್ಣದ ಬಟ್ಟೆ ಸುತ್ತುವುದು ಕಂಡರೆ ಅಂಗಡಿಯಲ್ಲಿ ಜನ ನಿಂತು ನೋಡುತ್ತಾರೆ ಎಂಬುದು ಅವನ ಲೆಕ್ಕ.

ಆ ಮೊದಲ ಯಂತ್ರಕ್ಕೆ ಇಟ್ಟ ಹೆಸರು 'ಜೂನ್ ಡೇ'. ವಿಸ್ಕಾನ್ಸಿನ್ನಿನವರಿಗೆ ಜೂನ್ ಎಂದರೆ ಹಿಮವೆಲ್ಲ ಕರಗಿ, ಹಿತವಾದ ಬಿಸಿಲು ಬಂದು, ಹುಲ್ಲಿನ ಮೇಲೆ ಹರವಿದ ಬಟ್ಟೆ ಗರಿಗರಿಯಾಗುವ ತಿಂಗಳು. ಅತ್ತೆಗೆ ಈ ಹೆಸರು ಹೇಳಿದಾಗ ಅವರು ಬಟ್ಟೆ ಮಗುಚುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಅವರಿಗೆ ಜೂನ್ ಎಂದರೆ ಮೃಗಶಿರ. ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಇಳಿಯುವ, ಗಳದ ಮೇಲಿನ ಬಟ್ಟೆಯನ್ನು ಒಳಕ್ಕೆ ಎಳೆದುಕೊಂಡು ಅಕ್ಟೋಬರಿನವರೆಗೆ ಹೊರಗೆ ಹಾಕದ ತಿಂಗಳು. ಬಟ್ಟೆ ಒಣಗಿಸುವ ಕಷ್ಟ ಎರಡೂ ಊರಿಗೆ ಉಂಟು. ತಿಂಗಳು ಮಾತ್ರ ಬೇರೆ.

ಹೊರಗೆ ಹರವಿದರೆ ಇಲ್ಲಿನ ಚಳಿಗಾಲದಲ್ಲೂ ಬಟ್ಟೆ ಒಣಗುತ್ತದೆ ಎಂದರೆ ಅತ್ತೆ ನಂಬಲಿಲ್ಲ. ಒದ್ದೆ ಬಟ್ಟೆ ಮೊದಲು ಹಲಗೆಯಂತೆ ಸೆಟೆದುಕೊಳ್ಳುತ್ತದೆ, ಆಮೇಲೆ ಅದರೊಳಗಿನ ಮಂಜು ನೀರಾಗದೆ ನೇರ ಆವಿಯಾಗಿ ಹೋಗುತ್ತದೆ. ಆದರೆ ನಮ್ಮ ಬಡಾವಣೆಯ ಸಂಘದ ನಿಯಮದಂತೆ ಅಂಗಳದಲ್ಲಿ ಬಟ್ಟೆ ಕಾಣುವಂತಿಲ್ಲ. ದೇಶದ ಅನೇಕ ಬಡಾವಣೆಗಳಲ್ಲಿ ಇದೇ ಕಟ್ಟು. ಬಿಸಿಲಿಗೆ ಬಟ್ಟೆ ಹಾಕುವ ಹಕ್ಕನ್ನು ಕಾಪಾಡಲು ಫ್ಲಾರಿಡಾ, ಕೊಲರಾಡೊ, ವರ್ಮಾಂಟ್, ಮೇನ್ ಮುಂತಾದ ರಾಜ್ಯಗಳು ಕಾನೂನನ್ನೇ ಮಾಡಬೇಕಾಯಿತು. ಇದು ನನಗೆ ಇಂದಿಗೂ ಬೇಸರದ ಸಂಗತಿ. ಒಂದು ಕಿಲೋ ನೀರನ್ನು ಬಟ್ಟೆಯಿಂದ ಆವಿಯಾಗಿ ಓಡಿಸಲು ಮೂರನೇ ಎರಡು ಯುನಿಟ್ಟಿನಷ್ಟು ಶಕ್ತಿ ಬೇಕು. ಚೆನ್ನಾಗಿ ಹಿಂಡಿದ ಮೇಲೂ ಒಂದು ಹೊರೆಯಲ್ಲಿ ಎರಡು ಮೂರು ಕಿಲೋ ನೀರು ಉಳಿದಿರುತ್ತದೆ. ಬಿಸಿಲು ಬಿಡಿಗಾಸು ಕೇಳದೆ ಮಾಡಿಕೊಡುವ ಕೆಲಸಕ್ಕೆ ಇಲ್ಲಿನ ಡ್ರೈಯರ್ 5,000 ವ್ಯಾಟಿಗೂ ಹೆಚ್ಚಿನ ಹೀಟರ್ ಉರಿಸುತ್ತದೆ. ಬೇಸಿಗೆಯ ದಿನವೂ ಉರಿಸುತ್ತದೆ.

ಬೆಳಗ್ಗೆ ಫ್ಯೂಸ್ ತಂದೆ. ಹಾಕಲಿಲ್ಲ. ಫ್ಯೂಸ್ ಸುಮ್ಮನೆ ಸಾಯುವುದಿಲ್ಲ. ಅಲ್ಲಿ 91 ಡಿಗ್ರಿ ಮುಟ್ಟಿದ್ದು ಯಾಕೆ ಎಂದು ತಿಳಿಯದೆ ಹೊಸದನ್ನು ಹಾಕಿದರೆ ಅದೂ ಎರಡು ದಿನ. ಡ್ರೈಯರಿನೊಳಗಿನ ಬಿಸಿಯನ್ನು ಹಿಡಿತದಲ್ಲಿಡುವುದು ಥರ್ಮೋಸ್ಟಾಟ್ ಒಂದೇ ಅಲ್ಲ, ಓಡುವ ಗಾಳಿಯೂ ಹೌದು. ಹೀಟರಿನ ಬಿಸಿಯನ್ನು ಗಾಳಿ ಹೊತ್ತು, ಬಟ್ಟೆಯ ತೇವವನ್ನು ಎತ್ತಿಕೊಂಡು, ಹಿಂದಿನ ಕೊಳವೆಯಲ್ಲಿ ಮನೆಯಿಂದ ಆಚೆ ಹೋಗಬೇಕು. ಆಚೆಯ ಬಾಯಿ ಮುಚ್ಚಿದರೆ ಬಿಸಿ ಅಲ್ಲಲ್ಲೇ ಸುತ್ತುತ್ತದೆ. ಗಾಳಿ ಹೊರಡದ ಒಲೆಯ ಮುಂದೆ ಕೂತಂತೆ.

ಬೂಟು ಹಾಕಿ, ಸನಿಕೆ ಹಿಡಿದು ಮನೆಯ ಈಶಾನ್ಯ ಮೂಲೆಗೆ ಹೋದೆ. ಕೊಳವೆಯ ಬಾಯಿ ಇರಬೇಕಾದ ಜಾಗದಲ್ಲಿ ಸೊಂಟದೆತ್ತರ ಹಿಮ. ಎರಡು ದಿನದ ಗಾಳಿ ಸರೋವರದ ಕಡೆಯಿಂದ ತಂದು ಆ ಮೂಲೆಗೇ ಒಟ್ಟಿತ್ತು. ಅಗೆದಾಗ ಒಳಗೆ ಒಂದು ಗವಿ: ಬಿಸಿಗಾಳಿ ಹಿಮವನ್ನು ಕರಗಿಸಿ, ಕರಗಿದ್ದು ಮತ್ತೆ ಗಾಜಿನಂತೆ ಹೆಪ್ಪುಗಟ್ಟಿ, ಆ ಮಂಜುಗಡ್ಡೆಯೊಳಗೆ ಕೊಳವೆಯ ಮುಚ್ಚಳ ಅರ್ಧ ತೆರೆದು ಸಿಕ್ಕಿಕೊಂಡಿತ್ತು. ಮುಚ್ಚಳದ ಸಂದಿನಲ್ಲಿ ಒದ್ದೆ ಜುಂಗು ಕಂಬಳಿಯಂತೆ ಮೆತ್ತಿಕೊಂಡಿತ್ತು. ಬಿಸಿನೀರು ಸುರಿದು ಮಂಜು ಬಿಡಿಸಿ, ಎರಡು ಬೆರಳು ತೂರಿಸಿ ಜುಂಗಿನ ತುದಿ ಹಿಡಿದು ಎಳೆದೆ. ಬಂತು, ಬರುತ್ತಲೇ ಇತ್ತು. ಮೊಳದುದ್ದ, ಮಣಿಕಟ್ಟಿನ ದಪ್ಪ, ಬೂದು ಮೈಯಲ್ಲಿ ಕೆಂಪು ಎಳೆ. ಅದರ ತುದಿಯಲ್ಲೊಂದು ಪುಟ್ಟ ಬಿಳಿ ದಾರ, ಮಗುವಿನ ಕುಲಾವಿಯದು.

ಹೊರಗಿನಿಂದ ಒಳಗಿನವರೆಗೆ ಪೂರ್ತಿ ಕೊಳವೆ ಬಿಚ್ಚಿದೆ. ಯಂತ್ರದ ಹಿಂದೆ ಮನೆಯ ಹಳೆಯ ಮಾಲೀಕರು ಹಾಕಿಸಿದ್ದ ಸುಕ್ಕುಸುಕ್ಕಾದ ತೆಳು ಅಲ್ಯುಮಿನಿಯಂ ಹಾಳೆಯ ಕೊಳವೆ ಗೋಡೆಗೆ ಒತ್ತಿ ಚಪ್ಪಟೆಯಾಗಿತ್ತು. ಪ್ರತಿ ಸುಕ್ಕಿನಲ್ಲೂ ಜುಂಗು. ಅದನ್ನು ಎಸೆದು ನುಣುಪಾದ ಗಟ್ಟಿ ತಗಡಿನ 4 ಇಂಚಿನ ಕೊಳವೆ ತಂದೆ. ಇಲ್ಲಿನ ಕಟ್ಟಡ ನಿಯಮ ಅದಕ್ಕೆ 35 ಅಡಿಯ ಮಿತಿ ಹಾಕುತ್ತದೆ, ನೇರ ಕೋನದ ಒಂದೊಂದು ತಿರುವಿಗೂ ಅದರಲ್ಲಿ 5 ಅಡಿ ಕಳೆಯುತ್ತದೆ. ಹೊರಬಾಯಿಗೆ ಸೊಳ್ಳೆಪರದೆಯಂಥ ಜಾಲರಿ ಹಾಕಬಾರದು ಎನ್ನುತ್ತದೆ. ಜಾಲರಿ ಹಕ್ಕಿಯನ್ನು ತಡೆಯುತ್ತದೆ ನಿಜ, ಜುಂಗನ್ನೂ ತಡೆದು ಬಾಯಿ ಕಟ್ಟುತ್ತದೆ.

ಈ ನಡುವೆ ಊರಿನ ಗೆಳೆಯನೊಬ್ಬ ಫೋನಿನಲ್ಲಿ, "ಅದಕ್ಕೆಲ್ಲ ಎಂತಕ್ಕೆ ಅಂಗಡಿ ಸುತ್ತುತ್ತೀಯ, ಎರಡು ತಂತಿ ಸೇರಿಸಿ ಡೈರೆಕ್ಟ್ ಕೊಡು" ಎಂದ. ಅವನ ಮಾತಿನ ಹಿಂದೆ ಪ್ರೀತಿಯೇ ಇದ್ದದ್ದು. ನಾವೆಲ್ಲ ಬೆಳೆದದ್ದೂ ಅದನ್ನೇ ನೋಡಿಕೊಂಡು. ಕಿಟ್‌ಕ್ಯಾಟ್ ಫ್ಯೂಸಿನ ಎಳೆ ಪದೇಪದೇ ಹೋದರೆ ದಪ್ಪ ತಾಮ್ರದ ತಂತಿ ಸುತ್ತುವುದು, ಪಂಪ್‌ಸೆಟ್ಟಿನ ಸ್ಟಾರ್ಟರು ಬೀಳುತ್ತಿದ್ದರೆ ಕಡ್ಡಿ ಸಿಕ್ಕಿಸಿ ನಿಲ್ಲಿಸುವುದು. ಗದ್ದೆಗೆ ನೀರು ಇವತ್ತೇ ಬೇಕು ಎನ್ನುವ ಒತ್ತಡ ಅರ್ಥವಾಗುವಂಥದ್ದೇ. ಆದರೆ ಡ್ರೈಯರಿನ ಥರ್ಮಲ್ ಫ್ಯೂಸನ್ನು ಡೈರೆಕ್ಟ್ ಮಾಡಬೇಡಿ. ಮೀಟರ್ ಇಲ್ಲದಾಗ ಪರೀಕ್ಷೆಗೆಂದು ಕೂಡ ಮಾಡಿ ಮರೆಯಬೇಡಿ. ಅಮೆರಿಕದ ಅಗ್ನಿಶಾಮಕ ಇಲಾಖೆಯ ಅಂದಾಜಿನ ಪ್ರಕಾರ 2008ರಿಂದ 2010ರ ನಡುವೆ ಈ ದೇಶದ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತಗಳು ಡ್ರೈಯರಿನಿಂದ ಶುರುವಾಗುತ್ತಿದ್ದವು. ಐವರು ಸಾಯುತ್ತಿದ್ದರು, ನೂರು ಮಂದಿ ಗಾಯಗೊಳ್ಳುತ್ತಿದ್ದರು. ಕಾರಣಗಳಲ್ಲಿ ಮೊದಲನೆಯದು, ಮೂರರಲ್ಲಿ ಒಂದಕ್ಕೆ, ಶುಚಿ ಮಾಡದಿರುವುದು. ಒಣ ಜುಂಗಿಗೆ ಬೆಂಕಿ ತಾಗಿದರೆ ಏನಾಗುತ್ತದೆ ಎಂದು ತಿಳಿಯಲು ಹಿತ್ತಿಲ ಸಿಮೆಂಟಿನ ಮೇಲೆ ಒಂದು ಹಿಡಿ ಇಟ್ಟು ಕಡ್ಡಿ ಗೀರಿದೆ. ಬುಗ್ ಎಂದಿತು. ಮರುಕ್ಷಣ ಅಲ್ಲಿ ಏನೂ ಇರಲಿಲ್ಲ. ಆ ಬಿಳಿ ತುಣುಕು ಹಿಂದಿನ ರಾತ್ರಿ ತನ್ನ ಪ್ರಾಣ ಬಿಟ್ಟು ನಿಲ್ಲಿಸಿದ್ದು ಇದನ್ನು, ಬಾಣಂತಿ ಕೋಣೆಯ ಕೆಳಗಡೆ. ಅದು ಕೆಟ್ಟದ್ದಕ್ಕೆ ನಾನು ರಾತ್ರಿಯೆಲ್ಲ ಶಪಿಸಿದ್ದೆ.

ನಮ್ಮ ಕರಾವಳಿ, ಮಲೆನಾಡು, ಕೊಡಗಿನಲ್ಲೂ ಈಗ ಮಳೆಗಾಲಕ್ಕೆಂದು ಡ್ರೈಯರ್ ಕೊಳ್ಳುವ ಮನೆಗಳಿವೆ, ಅವರಿಗೂ ಈ ಮಾತು ಸಲ್ಲುತ್ತದೆ. ಅಲ್ಲಿನವು 230 ವೋಲ್ಟಿನ ಚಿಕ್ಕ ಯಂತ್ರಗಳು, ಹೀಟರು ಇಲ್ಲಿಯದರ ಅರ್ಧದಷ್ಟೂ ಇಲ್ಲ. ಕೆಲವು ಗಾಳಿಯನ್ನು ಹೊರಗೆ ಬಿಡುತ್ತವೆ, ಕೆಲವು ತೇವವನ್ನು ತಣಿಸಿ ತೊಟ್ಟಿಯಲ್ಲಿ ನೀರಾಗಿ ಹಿಡಿಯುತ್ತವೆ. ತೊಟ್ಟಿ ತುಂಬಿದ್ದರೂ ಕೆಲವು ಮುಂದೆ ಓಡುವುದಿಲ್ಲ, ಅದು ಕೆಟ್ಟದ್ದಲ್ಲ, ಬಗ್ಗಿಸಿ ಖಾಲಿ ಮಾಡಬೇಕಷ್ಟೆ. ಮಳೆಗಾಲದಲ್ಲಿ ವೋಲ್ಟೇಜ್ ಕುಸಿದಾಗ ಓಡಿಸಬೇಡಿ. ಬೆಚ್ಚಗಿನ ಜಾಗ ಹುಡುಕಿ ಬರುವ ಇರುವೆ, ಹಲ್ಲಿಗಳು ಒಳಗಿನ ಎಲೆಕ್ಟ್ರಾನಿಕ್ ಹಲಗೆಯ ಮೇಲೆ ಸತ್ತು ಕೂರುವುದೂ ಉಂಟು. ಜರಡಿಯನ್ನು ಮಾತ್ರ ಪ್ರತಿ ಸಲವೂ ಒರೆಸಿ. ಒಮ್ಮೆ ಸೋಪುನೀರಲ್ಲಿ ತೊಳೆದು ನೋಡಿ, ಬಟ್ಟೆ ಮೆದು ಮಾಡುವ ದ್ರಾವಣ, ಹಾಳೆಗಳ ಕಣ್ಣಿಗೆ ಕಾಣದ ಜಿಡ್ಡು ಅದರ ಕಣ್ಣುಗಳನ್ನು ಮುಚ್ಚಿರುತ್ತದೆ.

ಮಧ್ಯಾಹ್ನ ಮೂರಕ್ಕೆ ಎಲ್ಲ ಕೂಡಿಸಿದೆ. ಮೋಟಾರಿನ ಸುತ್ತಲಿನ ಜುಂಗನ್ನು ವ್ಯಾಕ್ಯೂಮಿನಲ್ಲಿ ಎಳೆದಾಗಿತ್ತು. ಹೊಸ ಫ್ಯೂಸಿಗೆ ಮೀಟರ್ ಹಿಡಿದು ಬೀಪ್ ಕೇಳಿಸಿಕೊಂಡು ಕೂರಿಸಿದೆ. ಬಾಗಿಲ ಸ್ವಿಚ್ಚನ್ನೂ ಬಿಡದೆ ಪರೀಕ್ಷಿಸಿದೆ. ನಿಯಂತ್ರಣ ಫಲಕದ ಹಿಂದೆ ಯಂತ್ರದ ವೈರಿಂಗ್ ನಕ್ಷೆಯ ಹಾಳೆಯೊಂದು ನಾಲ್ಕು ಮಡಿಕೆಯಾಗಿ ಪ್ಲಾಸ್ಟಿಕ್ ಚೀಲದಲ್ಲಿತ್ತು. ಅದರ ಅಂಚಿನಲ್ಲಿ ತಾರೀಖು, 'ಫ್ಯೂಸ್ ಬದಲಿಸಿದೆ, ಕೊಳವೆ ಹಿಮದಲ್ಲಿ ಮುಚ್ಚಿತ್ತು' ಎಂದು ಕನ್ನಡದಲ್ಲೇ ಬರೆದು ಮತ್ತೆ ಅಲ್ಲೇ ಸಿಕ್ಕಿಸಿದೆ. ಪ್ಲಗ್ ಹಾಕಿದೆ. ಅತ್ತೆಯನ್ನು ಕರೆದು ಗುಂಡಿ ಅವರಿಂದಲೇ ಒತ್ತಿಸಿದೆ.

ಮೊದಲು ಒಂದು ಟಿಕ್, ಆಮೇಲೆ ಗುಂಯ್, ಆಮೇಲೆ ಧಡ್ ಧಡ್ ಎಂದು ಒದ್ದೆ ಬಟ್ಟೆ ಮಗುಚುವ ಸದ್ದು. ಅತ್ತೆ ಹತ್ತು ನಿಮಿಷ ಮುಚ್ಚಿದ ಬಾಗಿಲ ಮೇಲೆ ಅಂಗೈ ಇಟ್ಟು ನಿಂತಿದ್ದರು, ಹಿಂದಿನ ರಾತ್ರಿ ಬುಟ್ಟಿಯ ಮೇಲಿನ ಬಟ್ಟೆಗೆ ಇಟ್ಟ ಹಾಗೆಯೇ. ಬಿಸಿಯಾಗುತ್ತಿದೆ ಎಂದು ಗೊತ್ತಾದ ಮೇಲೆ ಶಾಲು ಹೊದ್ದು, ನನ್ನ ದೊಡ್ಡ ಬೂಟು ಮೆಟ್ಟಿ, ಕೇಳದೆಯೇ ಹೊರಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನಾನು ಮೂಲೆಗೆ ಹೋಗಿ ನೋಡಿದೆ. ಕೊಳವೆಯ ಮುಚ್ಚಳ ಪೂರ್ತಿ ತೆರೆದು ಪಟಪಟ ಬಡಿದುಕೊಳ್ಳುತ್ತಿತ್ತು. ಬಿಳಿ ಆವಿ ದಟ್ಟವಾಗಿ ಹೊರಬಿದ್ದು ಹಿಮದ ಮೇಲೆ ಹರಡುತ್ತಿತ್ತು. ಅತ್ತೆ ಅದರ ಮುಂದೆ ಮೊಣಕಾಲು ಮಡಿಸಿ ಕೂತು, ಹೊಡಸಲಿನ ಬೆಂಕಿಯ ಮುಂದೆ ಕೂತವರ ಹಾಗೆ, ಎರಡೂ ಕೈಯನ್ನು ಚಾಚಿ ಕಾಯಿಸಿಕೊಳ್ಳುತ್ತಿದ್ದರು.